ಹಲ್ಲಿನ ಪಾಕೀಟು

ಹೆಂಡತಿ ಸಿಟ್ಟಾಗಿದ್ದಾಳೆ ಎಂಬುದು ನನ್ನ ಮಗನಿಗೆ ಎರಡು ದಿನ ಬಿಟ್ಟು ತಿಳಿಯುತ್ತದೆ. ಕೊತ್ತಂಬರಿಗೆ ಕೊಟ್ಟ ಹತ್ತು ರೂಪಾಯಿ ಫೋನಿನ ಲೆಕ್ಕದಲ್ಲಿ ಏರಿಲ್ಲ ಎಂಬುದು ಮಾತ್ರ ಆ ಕ್ಷಣವೇ ತಿಳಿಯುತ್ತದೆ. ಮನೆಖರ್ಚನ್ನು ಹದ್ದುಬಸ್ತಿನಲ್ಲಿಡಲು ಅವನೊಂದು ಆ್ಯಪ್ ಹಾಕಿಕೊಂಡಿದ್ದ. ಬಂದ ದುಡ್ಡನ್ನೆಲ್ಲ ಅದರಲ್ಲಿ ಕಿರಾಣಿ, ಪೆಟ್ರೋಲು, ಔಷಧಿ ಎಂದು ಬೇರೆ ಬೇರೆ ಹೆಸರಿನಲ್ಲಿ ಹಂಚಿಡಬೇಕು. ಆ ಒಂದೊಂದು ಭಾಗಕ್ಕೆ ಅವನು ಪಾಕೀಟು ಎನ್ನುತ್ತಿದ್ದ. ಭಾನುವಾರ ಬೆಳಿಗ್ಗೆ ಸ್ನಾನ ಮುಗಿಸಿ ಕೂತು, ಪಾಕೀಟುಗಳ ಒಟ್ಟು ಮೊತ್ತಕ್ಕೂ ಬ್ಯಾಂಕಿನ ಖಾತೆಗಳಲ್ಲಿರುವ ಮೊತ್ತಕ್ಕೂ ತಾಳೆ ನೋಡುತ್ತಿದ್ದ. ಆಗ ಮನೆಯಲ್ಲಿ ಮಿಕ್ಸರ್ ಹಚ್ಚುವಂತಿರಲಿಲ್ಲ. ಅವನ ಅಪ್ಪ ದೇವರ ಪೂಜೆಗೂ ಅಷ್ಟು ಮೌನ ಹಿಡಿದವರಲ್ಲ.

ನನಗೆ ಆ ಹೊತ್ತಿಗೆ ಬಾಯಲ್ಲಿ ಉಳಿದಿದ್ದವು ಮುಂದಿನ ನಾಲ್ಕೇ ಹಲ್ಲು. ಧಾರವಾಡದ ಕಡೆಯವಳು ನಾನು. ಕಟಕ ರೊಟ್ಟಿಯನ್ನು ಮುರಿದು, ಶೇಂಗಾ ಚಟ್ನಿ, ಗಟ್ಟಿ ಮೊಸರು ಹಚ್ಚಿಕೊಂಡು ತಿಂದು ಬೆಳೆದವಳು. ಪುಣೆಗೆ ಬಂದು ಇಷ್ಟು ವರ್ಷವಾದರೂ ಆ ರುಚಿ ಬಿಟ್ಟಿರಲಿಲ್ಲ. ಈಗ ಅದೇ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ, ಮುದ್ದೆ ಮಾಡಿ ನುಂಗಬೇಕು. ಥೂ, ಅದೂ ಒಂದು ಊಟವೇ! ಹೇಳಲು ನಾಚಿಕೆಯೇಕೆ, ನನಗೆ ಹಲ್ಲು ಬೇಕಿತ್ತು. ಚೆಂದ ಕಾಣಲಿಕ್ಕಲ್ಲ, ತಿನ್ನಲಿಕ್ಕೆ.

ಖಡಕಿಯ ಕಾರ್ಖಾನೆಯಲ್ಲಿ ದುಡಿದು ತೀರಿಕೊಂಡ ನಮ್ಮ ಯಜಮಾನರ ಪಿಂಚಣಿ ನನಗೆ ಬರುತ್ತದೆ. ಖಾತೆ ನನ್ನದು, ಅದನ್ನು ನೋಡುವ ಫೋನು ಮಗನದು.

"ಅವ್ವಾ, ನಿನ್ನ ಪೆನ್ಶನ್ ಪೂರಾ ಹಲ್ಲಿನ ಪಾಕೀಟಿಗೇ ಹಾಕ್ತೀನಿ. ಅದು ತುಂಬಿದ ದಿನಾ ದವಾಖಾನಿಗೆ ಹೋಗೂಣು," ಎಂದಿದ್ದ.

ಒಂದು ದಿನ ಬೂಟು ಹಾಕಿಕೊಳ್ಳುತ್ತಲೇ, "ಅವ್ವಾ, ಹಲ್ಲಿನ ಪಾಕೀಟು ತುಂಬ್ತು ನೋಡು!" ಎಂದು ಆಫೀಸಿಗೆ ಓಡಿದ. ನಮ್ಮ ಮಾತಿನಲ್ಲಿ ಪಾಕೀಟೆಂದರೆ ಲಕೋಟೆ. ಗಂಡಸರು ಜೇಬಿನಲ್ಲಿ ಇಟ್ಟುಕೊಳ್ಳುವುದೂ ಪಾಕೀಟೇ. ಎರಡೂ ಕೈಗೆ ಸಿಗುವಂಥವು. ಮಗ ಎಲ್ಲೋ ಜೋಪಾನವಾಗಿ ಇಟ್ಟಿದ್ದಾನೆ ಎಂದುಕೊಂಡು ನಾನು ಇಡೀ ದಿನ ಮನೆ ಜಾಲಾಡಿದೆ. ರೇಷ್ಮೆ ಸೀರೆಯ ಮಡಿಕೆ, ದೇವರ ಜಗಲಿಯ ಹಿಂದೆ, ಅಕ್ಕಿಯ ಡಬ್ಬಿ, ಯಾವುದನ್ನೂ ಬಿಡಲಿಲ್ಲ. ಸಂಜೆ ಸೊಸೆ ಕೆಲಸದಿಂದ ಬಂದಾಗ ಗಾದಿ ಎತ್ತಿ ನಿಂತಿದ್ದೆ.

"ಏನ್ ಹುಡುಕಾಕತ್ತೀರಿ, ಅತ್ತೀ?"

"ನನ್ನ ಹಲ್ಲು!"

ಪಾಪ, ಅವಳೂ ಗಾದಿಯ ಇನ್ನೊಂದು ತುದಿ ಎತ್ತಿ ಹುಡುಕತೊಡಗಿದಳು.

ಮಗ ಬಂದವನು ಬಿದ್ದು ಬಿದ್ದು ನಕ್ಕ. ಫೋನ್ ತೆಗೆದು ತೋರಿಸಿದ. 'ಅವ್ವನ ಹಲ್ಲು' ಎಂದಿತ್ತು, ಅದರ ಮುಂದೆ ಹಸಿರು ಅಂಕಿಯಲ್ಲಿ ನಲವತ್ತು ಸಾವಿರ.

"ಇದು ಎಲ್ಲಿರ್ತದೋ?"

"ಬ್ಯಾಂಕಿನ್ಯಾಗ."

"ಅವರಿಗೆ ಗೊತ್ತದ ಏನು, ಇದು ನನ್ನ ಹಲ್ಲಿಂದು ಅಂತ?"

"ಅವರಿಗ್ಯಾಕ ಗೊತ್ತಿರಬೇಕವ್ವಾ? ಇದು ನಮ್ಮ ಪ್ಲ್ಯಾನಿಂಗ್."

ಪ್ಲ್ಯಾನಿಂಗ್ ಅಂತೆ! ಒಂದು ತೊಡಕು ಮಾತ್ರ ಇತ್ತು. ನನ್ನ ಖಾತೆಯಲ್ಲಿ ಆ್ಯಪು ತೋರಿಸುವಷ್ಟು ದುಡ್ಡನ್ನು ಬ್ಯಾಂಕು ತೋರಿಸುತ್ತಿರಲಿಲ್ಲ. "ಬ್ಯಾಂಕಿನವ್ರು ಇನ್ನೂ ಅಪ್‌ಡೇಟ್ ಮಾಡಿಲ್ಲ ಬಿಡು," ಎಂದು ಮಗ ಪ್ರತಿ ಭಾನುವಾರ ಬ್ಯಾಂಕನ್ನು ಕ್ಷಮಿಸುತ್ತಿದ್ದ. ಅದೇ ಖುಷಿಯಲ್ಲಿ ಗೆಳೆಯರ ಜೊತೆ ಲೋಣಾವಳಾಕ್ಕೆ ಹೋದವನು ನನಗೆಂದು ಶೇಂಗಾ ಚಿಕ್ಕಿ ಬೇರೆ ತಂದ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎನ್ನುತ್ತಾರಲ್ಲ, ನನ್ನ ಪಾಲಿಗೆ ಚಿಕ್ಕಿ ಕಪಾಟಿನಲ್ಲಿ, ಹಲ್ಲು ಫೋನಿನಲ್ಲಿ.

ಹಲ್ಲಿನ ಡಾಕ್ಟರು ಚುರುಕಾದ ಮರಾಠಿ ಹುಡುಗಿ. ಹಿಟ್ಟಿನಂಥದ್ದನ್ನು ನನ್ನ ಬಾಯಲ್ಲಿ ಒತ್ತಿ ಅಳತೆ ತೆಗೆದುಕೊಂಡಳು. ಅರ್ಧ ದುಡ್ಡು ಮುಂಗಡ ಕೊಡಬೇಕಿತ್ತು. ಮಗ ನನ್ನ ಖಾತೆಯಿಂದ ಕಳಿಸಲು ಹೋದ, ಆಗಲಿಲ್ಲ. ಮತ್ತೆ ಒತ್ತಿದ. ಖಾತೆಯಲ್ಲಿ ಸಾಕಷ್ಟು ಹಣವಿಲ್ಲ ಎಂದು ಬಂತು. ಅಷ್ಟಕ್ಕೇ ಸುಮ್ಮನಾದನೇ? ಆ್ಯಪ್ ತೆರೆದು ಆ ಹಸಿರು ಅಂಕಿಯನ್ನು ಡಾಕ್ಟರಿಗೇ ತೋರಿಸಿದ! ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು. "ಕಾಕೂ, ಪೈಸೆ ನಂತರ ದ್ಯಾ," ಎಂದಳು. ಆಮೇಲೆ ಕೊಡಿ ಎಂಬ ಆ ಕನಿಕರದ ಮಾತಿಗೆ ನನ್ನ ಮೈಯೆಲ್ಲ ಉರಿದುಹೋಯಿತು. ಬೇಡವೆಂದು, ಸೆರಗಿನಿಂದ ಬಾಯಿ ಒರೆಸಿಕೊಂಡು ಎದ್ದು ಬಂದುಬಿಟ್ಟೆ.

ಮನೆಯಲ್ಲಿ ಸೊಸೆ ನನ್ನ ಕೈಗೆ ಚಹಾ ಕೊಟ್ಟು, ಗಂಡನ ಕೈಯಿಂದ ಫೋನ್ ಇಸಿದುಕೊಂಡಳು. ಸ್ವಲ್ಪ ಹೊತ್ತು ಮೇಲೆ ಕೆಳಗೆ ಸರಿಸಿ ನೋಡಿದಳು.

"ಅತ್ತೀ ಪೆನ್ಶನ್ ಬಂದ ಎರಡ ದಿನಕ್ಕ ನಿಮ್ಮ ಖಾತೆಕ್ಕ ಅಷ್ಟೇ ರೊಕ್ಕ ಬರ್ತದಲ್ರೀ, ಅದು ಯಾವುದು?"

ಮಗ ತಲೆ ಕೆರೆದುಕೊಂಡ. "ಅದು... ಅಪ್ಪ ತೀರಿಕೊಂಡ ವರ್ಷ ಮನಿಖರ್ಚಿಗೆ ಕಡಿಮಿ ಬೀಳ್ತಿತ್ತಲಾ. ಪ್ರತಿ ತಿಂಗಳಾ ಪೆನ್ಶನ್ ಬಂದ ಮ್ಯಾಲ ತಾನೇ ನನ್ನ ಖಾತೆಕ್ಕ ಬರಲಿ ಅಂತ ಬ್ಯಾಂಕಿಗೆ ಹೇಳಿಟ್ಟಿದ್ದೆ. ಮರ್ತ ಹೋಗಿತ್ತು."

"ಮತ್ತ ಆ್ಯಪಿನ್ಯಾಗ ಅದನ್ನ ಏನಂತ ಬರೀತೀರಿ?"

"ಆದಾಯ."

"ಅತ್ತೀ ಖಾತೆಕ್ಕ ಬಂದಾಗೂ ಆದಾಯ, ನಿಮ್ಮ ಖಾತೆಕ್ಕ ಬಂದಾಗೂ ಆದಾಯ. ಅವರ ಖಾತೆಯಿಂದ ಹೋದದ್ದು ಎಲ್ಲಿ ಬರದೀರಿ?"

ಎಲ್ಲಿಯೂ ಬರೆದಿರಲಿಲ್ಲ. ಒಂದೇ ದುಡ್ಡನ್ನು ಎರಡು ಸಲ ಎಣಿಸಿದ್ದ ಮಹಾರಾಯ. ಒಮ್ಮೆ ನನ್ನ ಹಲ್ಲೆಂದು, ಇನ್ನೊಮ್ಮೆ ಜೋಳ, ಬೇಳೆ, ಎಣ್ಣೆಯೆಂದು. ಜೋಳ, ಬೇಳೆ, ಎಣ್ಣೆ ಮನೆಗೆ ಬಂದಿದ್ದವು. ಬ್ಯಾಂಕಿನದೇನೂ ತಪ್ಪಿರಲಿಲ್ಲ.

"ಇನ್ನ ಮ್ಯಾಲ ನನ್ನ ಪೆನ್ಶನ್ ನನ್ನ ಖಾತೆದಾಗನ ಇರ್ಲಿ," ಎಂದೆ.

ಅವನು ಕೂತು ಲೆಕ್ಕ ತಿದ್ದಿದ. ಹಲ್ಲಿನ ಪಾಕೀಟು ಸೊನ್ನೆಗೆ ಬಂತು. ಮುಂದಿನ ತಿಂಗಳಿನ ಕಿರಾಣಿ ಪಾಕೀಟು ದುಡ್ಡು ಸಾಲದೆ ಕೆಂಪಾಯಿತು.

"ಅವ್ವಾ, ಫ್ಲ್ಯಾಟಿನ ಕಂತು ಕಟ್ಟಿದ ಮ್ಯಾಲ... ನಿನ್ನ ಪೆನ್ಶನ್ ಇಲ್ಲಾಂದ್ರ ತಿಂಗಳ ಪೂರ್ತಿ ನಡ್ಯೂದಿಲ್ಲ," ಎಂದ. ಫೋನ್ ಕೆಳಗಿಟ್ಟು ನನ್ನ ಮುಖ ನೋಡಿ ಹೇಳಿದ. ಸೊಸೆ ತಲೆ ತಗ್ಗಿಸಿದಳು.

ಅಷ್ಟು ಹೊತ್ತು ಬಾಯಿ ತುಂಬ ಇದ್ದ ಬೈಗುಳ ಎಲ್ಲಿ ಹೋದವೋ.

"ಅಂದ್ರ ಇಷ್ಟ ದಿನಾ ಎಲ್ಲಾರೂ ನನ್ನ ಹಲ್ಲಿಲೇ ಉಂಡೀರಿ ಅನ್ನು," ಎಂದೆ. "ಕೇಳಿದ್ರ ನಾ ಕೊಡ್ತಿದ್ದಿಲ್ಲೇನೋ? ಬಾಯಿ ಬಿಟ್ಟು ಕೇಳಾಕ ನಿನಗೇನಾಗಿತ್ತು? ನಿನ್ನ ಬಾಯಾಗರ ಹಲ್ಲ ಅದಾವಲ್ಲೋ!"