ಟವಲಿನ ಕೆಳಗಿನ ಕೈ

ಜರ್ಮನಿಗೂ ನಮಗೂ ವ್ಯಾಪಾರ ಬೆಳೆಸಬೇಕಾಗಿದ್ದ ಮಂಡಳಿಯೊಂದರಲ್ಲಿ ಆಗ ನಾನು ದುಭಾಷಿ. ಬೇಲೂರು ನೋಡಲು ಹೊರಟಿದ್ದ ಜರ್ಮನ್ ಸಾಹೇಬರಿಗೆ ದಾರಿಯಲ್ಲಿ ಅರಸೀಕೆರೆಯ ಕೊಬ್ಬರಿ ಸಂತೆ ತೋರಿಸಿದೆ. ಗಂಡಸಿ ಊರಿನ ಗೌಡರೊಬ್ಬರು ಕೊಳ್ಳಲು ಬಂದವರೆಂದುಕೊಂಡು ಸಾಹೇಬರ ಕೈಮೇಲೆ ಟವಲು ಹೊದಿಸಿ, ಒಳಗೇ ಬೆರಳು ಹಿಡಿದು ದರ ಹೇಳಿದರು. ನಮ್ಮ ಕಡೆ ವ್ಯಾಪಾರ ಹಾಗೇ, ಗುಟ್ಟಾಗಿ. ಸಾಹೇಬರು ಸ್ನೇಹವೆಂದುಕೊಂಡು ಆ ಕೈಯನ್ನು ಭರ್ಜರಿಯಾಗಿ ಕುಲುಕಿಬಿಟ್ಟರು!

“ಒಪ್ಪಿದ್ರು ಕಣ್ರಲಾ! ಮೂಟೆ ಎತ್ರಲಾ!” ಗೌಡರು ಕೂಗಿದ್ದೇ ತಡ, ಇಡೀ ಸಂತೆ ನಮ್ಮ ಸುತ್ತ ನೆರೆಯಿತು.

ನಾನು ಅಡ್ಡ ನಿಂತೆ. “ಅಯ್ಯೋ ಗೌಡ್ರೇ, ಅವರ ದೇಶದಲ್ಲಿ ಅದು ನಮಸ್ಕಾರ!”

“ಟವಲೊಳಗೆ ಒಪ್ಪಿದ್ಮೇಲೆ ಮುಗೀತು ಸ್ವಾಮಿ.”

ವಿಷಯ ತಿಳಿದ ಸಾಹೇಬರು ಬಿದ್ದು ಬಿದ್ದು ನಕ್ಕು, ದುಡ್ಡು ಎಣಿಸಿಕೊಟ್ಟು, ಕಾರಿನಲ್ಲಿ ನನ್ನ ಸೀಟನ್ನೇ ಮೂಟೆಗೆ ಕೊಟ್ಟರು. ನಾನು ಬೇಲೂರಿಗೆ ಬಸ್ಸು ಹತ್ತಿದೆ.

ಬರೀ ಭಾಷಣ, ಕಾಫಿಯಲ್ಲೇ ಕಾಲ ಕಳೆದಿದ್ದ ನಮ್ಮ ಮಂಡಳಿಯಿಂದ ಕುದುರಿದ ಮೊದಲ ವ್ಯಾಪಾರ ಅದು. ತಪ್ಪಿಸಲು ಹೆಣಗಾಡಿದವನು ನಾನೊಬ್ಬನೇ.