ಪಿಸ್ಟನ್ ರಿಂಗೂ ನಮ್ಮ ಮಾವನವರೂ

ಇಂಗ್ಲೆಂಡಿನ ಲಫ್‌ಬರೋದಲ್ಲಿ ಯಂತ್ರಗಳ ಸವೆತದ ಬಗ್ಗೆ ಪಾಠ ಹೇಳುವುದು ನನ್ನ ಹೊಟ್ಟೆಪಾಡು. ಆದರೂ ಆ ಬೇಸಿಗೆಯವರೆಗೆ ಕೈಯಾರೆ ಒಂದು ಎಂಜಿನ್ನನ್ನೂ ಬಿಚ್ಚಿದವನಲ್ಲ. ಈಜಿನ ಬಗ್ಗೆ ಉಪನ್ಯಾಸ ಕೊಡುವವನು ನೀರಿಗಿಳಿಯಲೇಬೇಕೆಂದು ಎಲ್ಲಿ ಬರೆದಿದೆ?

ಇಳಿಯುವ ಪ್ರಸಂಗ ಬಂದದ್ದು ಮಾವನವರಿಂದ. ಧಾರವಾಡದಲ್ಲಿ ಇತಿಹಾಸದ ಮಾಸ್ತರರಾಗಿ ನಿವೃತ್ತರಾದ ಅವರು ಬೇಸಿಗೆ ಕಳೆಯಲು ಮಗಳ ಮನೆಗೆ ಬಂದಿದ್ದರು. ಮೈಸೂರು ಕಡೆಯ ನಾನು ಅಳಿಯನಾಗುವುದು ಅವರಿಗೆ ಮೊದಲು ಒಪ್ಪಿಗೆಯಿರಲಿಲ್ಲ. ಅದರ ಗುರುತಾಗಿ ಉಳಿದದ್ದು ಜಗಳವಲ್ಲ, ವಿಪರೀತ ಮರ್ಯಾದೆ.

"ಅಳಿಯಂದ್ರ, ಚಹಾ ಆತೇನ್ರಿ?"

"ಆಯ್ತು ಮಾವ. ನಿಮ್ದು?"

"ಆತ್ರಿ."

ಅಲ್ಲಿಗೆ ದಿನದ ಮಾತುಕತೆ ಮುಗಿಯುತ್ತಿತ್ತು. ನನ್ನ ಹೆಂಡತಿ ಸುಧಾ ತನ್ನ ಪಾಳಿಯ ಪ್ರಕಾರ ಆಸ್ಪತ್ರೆಯ ಕೆಲಸಕ್ಕೆ ಹೋದಮೇಲೆ ನಾವಿಬ್ಬರೂ ಒಂದೊಂದು ಕೋಣೆಯಲ್ಲಿ ಕೂತು ಕಾಲ ಸವೆಸುತ್ತಿದ್ದೆವು. ಕನ್ನಡದಲ್ಲಿ ಕಾಲವೂ ಸವೆಯುತ್ತದೆ, ದಾರಿಯೂ ಸವೆಯುತ್ತದೆ. ನಮ್ಮಲ್ಲಿ ದಾರಿ ಮಾತ್ರ ಸವೆಯುತ್ತಿರಲಿಲ್ಲ. ಒಂದು ದಿನ ಮಾವ, ಬೇಗ ಹೊರಡಲು ಟಿಕೆಟ್ ಬದಲಿಸಬಹುದೇ ಎಂದು ಮಗಳನ್ನು ಕೇಳಿದರು. ಸುಧಾ ಅಂದು ಊಟ ಮಾಡಲಿಲ್ಲ.

ಆ ಶನಿವಾರ ಹಿತ್ತಲಿನ ಹುಲ್ಲು ಕತ್ತರಿಸುವ ಯಂತ್ರ ನೀಲಿ ಹೊಗೆ ಕಾರಿ ನಿಂತಿತು. ಮಾವ ಬಾಗಿಲಿಗೆ ಬಂದರು.

"ಈ ಹೊಗಿ ಮೊದಲಿಂದ ಐತೇನ್ರಿ?"

ಇತಿಹಾಸದ ಮಾಸ್ತರರು ಇನ್ನೇನು ಕೇಳಿಯಾರು! ಹೋದ ವರ್ಷದಿಂದ ಇತ್ತು. ಎಣ್ಣೆಯೂ ಬೇಗ ಖಾಲಿಯಾಗುತ್ತಿತ್ತು. ಸ್ಟಾರ್ಟ್ ಮಾಡುವ ಹಗ್ಗ ಎಳೆದರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬರುತ್ತಿತ್ತು. ನಾನು ಸ್ಪಾರ್ಕ್ ಪ್ಲಗ್ ಬಿಚ್ಚಿ ಸಿಲಿಂಡರಿನೊಳಗೆ ಒಂದು ಚಮಚ ಎಣ್ಣೆ ಬಿಟ್ಟು, ಪ್ಲಗ್ ಕೂರಿಸಿ ಮತ್ತೆ ಎಳೆದೆ. ಈಗ ಹಗ್ಗ ಬಿಗಿಯಾಗಿ ಹಿಂದಕ್ಕೆಳೆಯಿತು. ಎಣ್ಣೆ ಸಂದು ಮುಚ್ಚಿದ್ದಕ್ಕೆ ಬಿಗಿ ಬಂತೆಂದರೆ ಸವೆದದ್ದು ರಿಂಗು, ಪಿಸ್ಟನ್ನಿನ ಸುತ್ತಲಿನ ಬಳೆ.

"ಬಿಚ್ಚೋಣೇನ್ರಿ?" ಎಂದರು ಮಾವ. ದನಿಯಲ್ಲಿ ಮೊದಲ ಸಲ ಜೀವ ಕಂಡಿತು.

ಬಿಚ್ಚಿದೆವು. ಸಿಲಿಂಡರಿನ ಗೋಡೆಯಲ್ಲಿ ಗೀರುಗಳಿರಲಿಲ್ಲ, ಎಂಜಿನ್ ಉಳಿಯುವಂತಿತ್ತು. ಹಳೆಯ ರಿಂಗಿನ ಎರಡು ತುದಿಗಳ ನಡುವಿನ ಬಾಯಿ ಮಾತ್ರ ಉಗುರು ತೂರುವಷ್ಟು ತೆರೆದುಕೊಂಡಿತ್ತು. ಹೊಸ ರಿಂಗುಗಳು ಅಂಚೆಯಲ್ಲಿ ಬಂದವು. ಮಾವ ಹಿಡಿದುಕೊಂಡರು, ನಾನು ತೊಡಿಸಿದೆ. ಎಲ್ಲ ಜೋಡಿಸಿ ಹಗ್ಗ ಎಳೆದರೆ ಹಿತ್ತಲೇ ಹೊಗೆಯಲ್ಲಿ ಮಾಯವಾಯಿತು. ಪಕ್ಕದ ಮನೆಯಾಕೆ ಕೆಮ್ಮುತ್ತ ಒಣಹಾಕಿದ ಬಟ್ಟೆಗಳನ್ನು ಎತ್ತಿಕೊಂಡು ಒಳಗೆ ಓಡಿದರು.

ಮಾವ ರಿಂಗಿನ ಜೊತೆ ಬಂದಿದ್ದ ಚೀಟಿಯನ್ನು ಜೇಬಿನಿಂದ ತೆಗೆದು ಬಿಡಿಸಿ ಓದಿದರು. ಚುಕ್ಕಿಯಿರುವ ಮುಖ ಮೇಲಕ್ಕಿರಬೇಕು. ನಾನು ಅದನ್ನು ಕೆಳಕ್ಕೆ ಹಾಕಿದ್ದೆ.

"ಏ ಮಾರಾಯಾ, ಮ್ಯಾಲಿಂದು ಕೆಳಗ ಹಾಕೀಯಲ್ಲೋ! ಇದನ್ನ ಹುಡುಗರಿಗೆ ಹೆಂಗ ಕಲಸ್ತೀ ನೀ?"

ನೀ! ಅವರೇ ಬೆಚ್ಚಿ ನಾಲಿಗೆ ಕಚ್ಚಿಕೊಂಡರು. "ತಪ್ಪಾತ್ರಿ, ಅಳಿಯಂದ್ರ..."

ನನಗೆ ಎಲ್ಲಿಂದ ಧೈರ್ಯ ಬಂತೋ. "ಚೀಟಿ ನಿಮ್ಮ ಜೇಬಲ್ಲೇ ಇತ್ತಲ್ಲ ಮಾವ, ಮೊದಲೇ ಓದೋಕೆ ಏನಾಗಿತ್ತು?" ಎಂದೆ.

ಅವರು ನನ್ನನ್ನೇ ದಿಟ್ಟಿಸಿದರು. ಆಮೇಲೆ ನಗತೊಡಗಿದವರು ಹುಲ್ಲಿನ ಮೇಲೆ ಕೂತೇಬಿಟ್ಟರು.

ಎರಡನೆಯ ಸಲ ಬಿಚ್ಚಿದ್ದು ಹೆಜ್ಜೆಹೆಜ್ಜೆಗೂ ವಾದ ಮಾಡುತ್ತ. ಈ ಸಲ ಹೊಗೆ ಕೊಂಚ ಬಂದು ತಿಳಿಯಾಯಿತು. ಹೊಸ ರಿಂಗು ಹಳೆಯ ಸಿಲಿಂಡರಿಗೆ ಹೊಂದಬೇಕಾದರೆ ಎರಡೂ ತುಸು ಉಜ್ಜಿಕೊಳ್ಳಲೇಬೇಕು. ಜೋಪಾನವೆಂದು ಮೆತ್ತಗೆ ಓಡಿಸಿದರೆ ಸಿಲಿಂಡರಿನ ಮೈ ನುಣುಪಾಗಿ, ಎಂದೆಂದಿಗೂ ಹೊಂದುವುದಿಲ್ಲ. ಇದನ್ನು ಪ್ರತಿವರ್ಷ ಬೋರ್ಡಿನ ಮೇಲೆ ಬರೆಯುವವನು ನಾನು. ಮಾವನಿಗೂ ಹೇಳಿದೆ. ಹೇಳಿದ್ದೇ ತಪ್ಪಾಯಿತು.

"ಸಾವಕಾಶ ಯಾಕ ಹೊಂಟೀಯೋ? ಉದ್ದ ಹುಲ್ಲಿನಾಗ ನುಗ್ಗಸು!"

"ನುಗ್ಗಿಸ್ತಾ ಇದೀನಲ್ಲ ಮಾವ! ಅಡ್ಡ ಬರಬೇಡಿ!"

ಕೆಲಸ ಮುಗಿಸಿ ಬಂದ ಸುಧಾ ಕೋಟನ್ನೂ ತೆಗೆಯದೆ ಹಿತ್ತಲಿಗೆ ಓಡಿಬಂದಳು. ಮುಖ ಬಿಳಿಚಿತ್ತು. "ಏನಪ್ಪಾ ಇದು? ಇಬ್ರೂ ಜಗಳಾ ಆಡಾಕತ್ತೀರೇನು?"

"ಹೌದವಾ," ಎಂದರು ಮಾವ, ನನ್ನ ಕೈಯಿಂದ ಯಂತ್ರದ ಹಿಡಿ ಕಸಿದುಕೊಳ್ಳುತ್ತ. "ಇನ್ನೂ ಮುಗದಿಲ್ಲ. ನೀ ಒಳಗ ನಡಿ."