ಸುಂಕಲಮ್ಮನ ಬಲ್ಬಿಗೆ ಬಂದ ಹುಳ

ನಮ್ಮಕ್ಕ ಸುಂಕಲಮ್ಮನ ಹೆಸರು ಒಂದು ಹುಳಕ್ಕ ಇಟ್ಟಾರ. ನಗಬ್ಯಾಡ್ರಿ, ಖರೇನ ಹೇಳಾಕತ್ತೀನಿ. ದೀಪದ ಹುಳ ಕಂಡ್ರ ಉರಿದು ಬೀಳೋ ಹೆಂಗಸಿನ ಹೆಸರನ್ನ, ಬ್ಯಾರೆ ಏನೂ ಸಿಗಲಿಲ್ಲ ಅನ್ನೋಹಂಗ, ಒಂದು ದೀಪದ ಹುಳಕ್ಕ ಇಟ್ಟಾರ. ಇಟ್ಟಾಕಿ ಮತ್ತ್ಯಾರೂ ಅಲ್ಲ, ಆಕಿ ಸೊಸಿ ಸುಧಾರಾಣಿ.

ನಾನು ಅಂಜಿನಪ್ಪ, ಕುರುಗೋಡಿನಾಂವ. ಬಳ್ಳಾರಿ–ಸಿರುಗುಪ್ಪ ಬಸ್ಸಿನ್ಯಾಗ ಕಂಡಕ್ಟರ್ ಆಗಿದ್ದು ರಿಟೈರ್ ಆದಾಂವ. ಚಿಲ್ರಿ ಸಲುವಾಗಿ ಜಗಳ ಮಾಡಿ ಮಾಡಿ ಬಾಯಿ ಸ್ವಲ್ಪ ಜೋರಾಗೇತಿ, ಹೊಟ್ಟಿಗೆ ಹಾಕ್ಕೊಳ್ರಿ.

ಅಕ್ಕಂದು ಸಿರುಗುಪ್ಪದಾಗ ಬಸ್ ಸ್ಟ್ಯಾಂಡ್ ರಸ್ತ್ಯಾಗ ಮಿರ್ಚಿ ಬಂಡಿ. ಭಾವ ತೀರಿದ ಮ್ಯಾಲ ಹಾಕಿದ್ದು. ಮೊದಮೊದಲು ನಮ್ಮ ಕೇರಿ ಹೆಂಗಸಿನ ಕೈಯಾಗಿನ ಮಿರ್ಚಿ ತಿನ್ನಾಕ ಊರ ಮಂದಿ ಹಿಂದ ಮುಂದ ನೋಡತಿದ್ರು. ಬಾಯಿ ಬಿಟ್ಟು ಜಾತಿ ಅನ್ನತಿದ್ದಿಲ್ಲ, "ಸ್ವಚ್ಛ ಇರತೈತೋ ಏನೋ" ಅನ್ನತಿದ್ರು. ಅಕ್ಕ ಅದಕ್ಕ ಬಾಯಿಲೆ ಉತ್ತರ ಕೊಡಲಿಲ್ಲ. ಬಾಂಡ್ಲ್ಯಾಗ ಮಾರಿ ಕಾಣೋಹಂಗ ತಿಕ್ಕಿದ್ಲು. ದಿನಾ ಹೊಸಾ ಎಣ್ಣಿ ಹಾಕಿದ್ಲು. ಬಲ್ಬನ್ನ ಬಾಂಡ್ಲಿ ಮ್ಯಾಲ ಕಟ್ಟದ, ದೂರ ಒಂದು ಕಂಬಕ್ಕ ಕಟ್ಟಿ, ಅದರ ಕೆಳಗ ನೀರಿನ ಬೋಗುಣಿ ಇಟ್ಲು. ಬೆಳಕಿಗೆ ಬಂದ ಹುಳ ಆ ನೀರಾಗ ಬಿದ್ದು ಸಾಯಬೇಕು. ತಪ್ಪಿಸಿಕೊಂಡು ಬಂಡಿ ಕಡೆ ಬಂದದ್ದು ಅಕ್ಕನ ಕೈಯಾಗಿನ ಮಡಚಿದ ಪೇಪರಿಗೆ ಸಾಯಬೇಕು. ಬರಬರ್ತ ಹಚ್ಚೊಳ್ಳಿ ಕಡೆ ಟ್ರ್ಯಾಕ್ಟರ್ ಮಂದಿ ಅಷ್ಟ ಅಲ್ಲ, ಬಟ್ಟಿ ಅಂಗಡಿ ಕೊಟ್ಟೂರಪ್ಪನಂಥ ನೇಮದ ಮನುಷ್ಯರೂ ಸಂಜಿಗೆ ಪ್ಲೇಟ್ ಹಿಡಕೊಂಡು ನಿಲ್ಲಾಕತ್ತಿದ್ರು. ಅಕ್ಕ ಗಳಿಸಿದ್ದು ಅದನ್ನ.

ಸೊಸಿ ಬಳ್ಳಾರ್ಯಾಗ ಸತ್ಯನಾರಾಯಣಪೇಟ್ಯಾಗ ಇರತಾಳ, ಕಾಲೇಜಿನ್ಯಾಗ ಪ್ರಾಣಿಶಾಸ್ತ್ರ ಹೇಳತಾಳ. ಒಂದು ಮಳಿಗಾಲದಾಗ ಅತ್ತಿನ್ನ ನೋಡಾಕ ಬಂದಾಕಿ ಅತ್ತಿ ಮಾರಿ ಬಿಟ್ಟು ಬೋಗುಣಿ ನೋಡಕೋತ ಕುಂತ್ಲು. ಉಗುರಿನಷ್ಟು ಹುಳ. ಅರಿಷಿಣ ಬಣ್ಣದ ರೆಕ್ಕಿ, ಅಂಚಿಗೆ ಕಡ್ಲಿಹಿಟ್ಟು ಸೀದಂಗ ಕಂದು ಗೆರಿ.

"ಅತ್ತೀ, ಇಂಥಾದ್ದನ್ನ ನಾನು ಎಲ್ಲೂ ನೋಡಿಲ್ರಿ."

"ನಾನು ದಿನಾ ನೋಡತೀನಿ. ಚೆಲ್ಲು ಅತ್ಲಾಗ."

ಚೆಲ್ಲಲಿಲ್ಲ. ನೀರಾಗ ನೆಂದದ್ದು ಕೆಲಸಕ್ಕ ಬರೂದಿಲ್ಲಂತ, ಕಂಬದ ಹತ್ರ ಬಿಳೀ ಪಂಚೆ ಕಟ್ಟಿ, ಅದರ ಮ್ಯಾಲ ಬಂದು ಕುಂತ ಹುಳಗಳನ್ನ ಬಾಟ್ಲ್ಯಾಗ ಹಿಡಕೊಂಡು ಹೋದ್ಲು. ಹೆಣ್ಣು ಬೇಕಾದಷ್ಟು, ಗಂಡು ಮಾತ್ರ ಒಂದೇ ಸಿಕ್ಕಿತ್ತು. ಹೊಸಾ ಜಾತಿ ಇರಬೇಕು ಅಂದ್ಲು. ಇದ್ದ ಜಾತಿ ಸಾಲವೇನವ್ವ ಅಂದೆ ನಾನು. ಬಣ್ಣ ನೋಡಿ ಹೇಳಾಕ ಬರೂದಿಲ್ಲಂತ. ಗಂಡು ಹುಳದ ಹಿಂಭಾಗ ಕೊಯ್ದು, ಅದರ ಗುಪ್ತಾಂಗಾನ ಸೂಕ್ಷ್ಮದರ್ಶಕದ ಕೆಳಗ ಇಟ್ಟು, ಚಿತ್ರ ಬರದು, ಗೊತ್ತಿರೋ ಹುಳಗಳ ಜೋಡಿ ಹೋಲಿಸಿ ನೋಡಬೇಕಂತ. ಇದನ್ನ ಕೇಳಿ ಅಕ್ಕ ಸೆರಗು ಬಾಯಿಗೆ ಇಟ್ಕೊಂಡ್ಲು. "ಅಯ್ಯ ಶಿವನ! ಇದನ್ನ ನೋಡಾಕ ಪಗಾರ ಬ್ಯಾರೆ ಕೊಡತಾರೇನು?"

ಪಗಾರ ಕೊಟ್ರು, ಆಕೀನೂ ವರ್ಷಗಟ್ಟಲೆ ನೋಡಿದ್ಲು. ಕಡಿಗೆ ವಿಜ್ಞಾನದ ಪತ್ರಿಕ್ಯಾಗ ಅಚ್ಚಾತು. ರೆಕ್ಕಿ ಅಳತಿ, ಮೀಸಿ ಉದ್ದ, ಸಿಕ್ಕ ಜಾಗ ಎಲ್ಲಾ ಬರದು, ಹೆಸರಿನ್ಯಾಗ ಅತ್ತಿ ಹೆಸರು ಸೇರಿಸಿದ್ಲು. ಪ್ರೀತಿಲೆ ಇಟ್ಟಿದ್ಲು, ಅದರಾಗ ಎರಡು ಮಾತಿಲ್ಲ. ಅಕ್ಕ ಮಾತ್ರ ಕಿಡಿಕಿಡಿ. "ಸತ್ತ ಹಿರೇರ ಹೆಸರು ಇಡತಾರ, ಅದೂ ಮೊಮ್ಮಕ್ಕಳಿಗೆ. ನಾನಿನ್ನೂ ಗಟ್ಟಿ ಅದೀನಿ. ಹುಳಕ್ಕ ಇಟ್ಟೀಯಲ್ಲವ್ವಾ!"

ಇದು ಮನಿ ಜಗಳ, ಮನ್ಯಾಗ ಮುಗೀತಿತ್ತು. ಪೇಪರ್ನಾಂವ ಬಿಡಬೇಕಲ್ಲ? "ಸಿರುಗುಪ್ಪದ ಮಿರ್ಚಿ ಅಂಗಡಿಯಲ್ಲಿ ಹೊಸ ಹುಳು ಪತ್ತೆ" ಅಂತ ದಪ್ಪಕ್ಷರದಾಗ ಹಾಕಿದ. ಕೆಳಗ ಬಾಂಡ್ಲಿ ಮುಂದ ನಿಂತ ಅಕ್ಕನ ಫೋಟೋ.

ಮರುದಿನ ಸಂಜಿಗೆ ಬಂಡಿ ಮುಂದ ಮಂದೀನ ಇಲ್ಲ. ಗಡಿ ಆಚಿ ಲಾರಿ ಡ್ರೈವರ್‌ಗಳು "ಪುರುಗು ಬಜ್ಜಿ" ಅಂತ ನಕ್ಕೋತ ಹೋದ್ರು. ಪುರುಗು ಅಂದ್ರ ತೆಲುಗಿನ್ಯಾಗ ಹುಳ. ಅದು ಚಾಷ್ಟಿ, ತಡಕೋಬೋದು. ಹಳೇ ಮಾತು ತಿರುಗಿ ಬಂತು ನೋಡ್ರಿ, ಅದನ್ನ ತಡಕೊಳ್ಳಾಕ ಆಗಲಿಲ್ಲ. "ನಾವು ಅವಾಗಾ ಅಂದಿದ್ವಿ, ಸ್ವಚ್ಛ ಇರತೈತೋ ಏನೋ ಅಂತ." ಇಷ್ಟು ವರ್ಷ ನೆಪ ಸಿಗಲಿಲ್ಲಂತ ಮಿರ್ಚಿ ತಿಂದಿದ್ರು ಪಾಪ, ಈಗ ವಿಜ್ಞಾನಾನ ಬಂದು ನೆಪ ಕೊಟ್ಟಿತ್ತು. ಅಕ್ಕ ಉಳಿದ ಹಿಟ್ಟು ನೋಡಕೋತ ಸುಮ್ಮನ ಕುಂತಿದ್ಲು. ಆಕಿ ಸುಮ್ಮನ ಕುಂತದ್ದು ನಾನು ಅವತ್ತ ನೋಡಿದ್ದು. ಸೊಸಿ ಫೋನಿನ್ಯಾಗ ಅತ್ಲು. ಹೆಸರು ವಾಪಸ್ ತಗೊಳ್ಳಾಕ ಬರೂದಿಲ್ಲಂತ, ಅಚ್ಚಾತಂದ್ರ ಆತಂತ.

ಇಷ್ಟರಾಗ ಊರ ಹಿತಚಿಂತಕರು ಸನ್ಮಾನ ಇಟ್ಕೊಂಡ್ರು. ಮಿರ್ಚಿ ತಿನ್ನಾಕ ಬಾರದವರೆಲ್ಲ ಶಾಲು ಹೊದಿಸಾಕ ಬಂದ್ರು. ಅಧ್ಯಕ್ಷತಿ ಕೊಟ್ಟೂರಪ್ಪಂದು. ಆತಂದು ಕೆಟ್ಟ ಮನಸ್ಸಲ್ಲ, ಮೈಕ್ ಸಿಕ್ರ ಮಾತ್ರ ಮಾತು ಕೈಮೀರತೈತಿ. "ಈ ಹುಳು ನಮ್ಮ ಸುಂಕಲಮ್ಮನವರ ಅಂಗಡಿಯಲ್ಲೇ ಹುಟ್ಟಿ, ಅವರ ಎಣ್ಣೆಯ ಘಮದಲ್ಲೇ ಬೆಳೆದು, ಇಂದು ಜಗತ್ಪ್ರಸಿದ್ಧವಾಗಿದೆ!" ಅಂದ. ಚಪ್ಪಾಳಿ ಬಿತ್ತು. ಮುಗೀತು ನಮ್ಮಕ್ಕನ ಬಂಡಿ ಅಂದ್ಕೊಂಡೆ ನಾನು.

ಅಕ್ಕ ಶಾಲು ಕುರ್ಚಿ ಮ್ಯಾಲ ಒಗದು ಎದ್ದು ಮೈಕ್ ಕಸಕೊಂಡ್ಲು.

"ಕೊಟ್ಟೂರಪ್ಪನೋರ, ನನ್ನ ಮಿರ್ಚಿ ಯಾವಾಗಿಂದ ತಿನ್ನಾಕತ್ತೀರಿ?"

"ಭಾಳ ವರ್ಷ ಆತವ್ವ."

"ಅದರಾಗ ಈ ಹುಳ ಯಾವಾಗರ ಸಿಕ್ಕಿತ್ತೇನ್ರಿ?"

"ಛೇ ಛೇ! ಇಲ್ಲವ್ವ."

"ಮತ್ತ? ನನ್ನ ಎಣ್ಣ್ಯಾಗ ಬಿದ್ದಿದ್ರ ಇದನ್ನ ಸಿರುಗುಪ್ಪ ಮಂದಿ ಎಂದೋ ಕಂಡುಹಿಡೀತಿದ್ರಿ. ನನ್ನ ಸೊಸಿ ಬರೋತನಕ ಯಾಕ ಕಾಯಬೇಕಿತ್ತು? ಇದು ಇವತ್ತಿಗೂ ಹೊಸಾ ಹುಳ ಐತಿ ಅಂದ್ರ, ಇಷ್ಟು ವರ್ಷ ಒಬ್ಬರ ಬಾಯಾಗೂ ಹೋಗಿಲ್ಲ ಅಂತ ಅರ್ಥ!"

ಹಿಂದ ಯಾರೋ ಕಿಸಕ್ಕಂದ್ರು, ಪೆಂಡಾಲಿಗೆ ಪೆಂಡಾಲ್ ನಕ್ಕೋತ ಎದ್ದು ನಿಂತಿತು. ಅವತ್ತಾ ಸಂಜಿಗೆ ಮೊದಲನೇ ಪ್ಲೇಟ್ ಕೊಟ್ಟೂರಪ್ಪ ತಗೊಂಡ. ಮಾರಿ ಸಣ್ಣದಾಗಿತ್ತು, ಮಿರ್ಚಿ ಮಾತ್ರ ಎರಡು ಹೆಚ್ಚಿಗೇನ ತಿಂದ.

ಸೊಸೀನೂ ಡಬ್ಬಿ ಹಿಡಕೊಂಡು ಕಂಬದ ಹತ್ರ ನಿಂತಿದ್ಲು. ಇನ್ನೊಂದು ಗಂಡು ಹುಳ ಬೇಕಾಗಿತ್ತಂತ. ಮಂದಿ ನಡು ಅರಿಷಿಣ ಬಣ್ಣದ್ದೊಂದು ಬಂತು. ಬಲ್ಬು ಸುತ್ತಿತು, ಬೋಗುಣಿ ದಾಟಿತು, ಸೀದಾ ಬಾಂಡ್ಲಿ ಕಡೆ ಹೊಂಟಿತು.

"ಅತ್ತೀ, ತಡೀರಿ! ಅದಾ, ನಿಮ್ಮ ಹುಳ!"

ತಿನ್ನೋರೆಲ್ಲ ಕೈ ತಡದು ನೋಡಾಕತ್ತಿದ್ರು. ಅಕ್ಕನ ಕೈಯಾಗ ತನ್ನ ಫೋಟೋ ಬಂದಿದ್ದ ಪೇಪರೇ ಇತ್ತು. ಆಕೀನೂ ಒಂದು ಸಲ ಹುಳದ ಮಾರಿ ನೋಡಿದ್ಲು. ಆಮ್ಯಾಲ ಫಟ್ ಅಂತ ಒಂದು ಹೊಡದ್ಲು.

"ಹೆಸರು ನಂದಿರಬೋದವ್ವ. ಎಣ್ಣಿ ಗಿರಾಕಿದು."

ಸೊಸಿ ಚಿಮಟಿ ತಗದು, ಪೇಪರ್ ಮ್ಯಾಲಿನ ಹುಳಾನ ಡಬ್ಬಿಗೆ ಹಾಕ್ಕೊಂಡ್ಲು. ಅಕ್ಕ ಕೈ ತೊಳಕೊಂಡು ಮತ್ತ ಮಿರ್ಚಿ ಬಿಡಾಕತ್ತಿದ್ಲು.